ಸಹಿಗೆ ಮೊದಲು ಕೇಳಬೇಕಾದ ಪ್ರಶ್ನೆ

ತಮಿಳುನಾಡಿನ ಗುಮ್ಮಳಾಪುರ, ತಳಿ, ಡೆಂಕಣಿಕೋಟೆ, ಹೊಸೂರು ಸೀಮೆಯ ಕನ್ನಡ ಮನೆಗಳಿಂದ ಅಮೆರಿಕಕ್ಕೆ ಎಂ.ಎಸ್. ಓದಲು ಹೊರಡುವ ಮಕ್ಕಳಿಗಾಗಿ ಹೆತ್ತವರು ಸಾಲ ಮಾಡುವಾಗ ಶುಲ್ಕ, ವೀಸಾ, ಮೊದಲ ಸಂಬಳ ಎಲ್ಲವನ್ನೂ ವಿಚಾರಿಸುತ್ತಾರೆ. ಮುಂದೆ ಕೆಲಸ ಕೊಡುವ ಕಂಪನಿ ಗ್ರೀನ್ ಕಾರ್ಡಿನ ಅರ್ಜಿಯನ್ನು ಯಾವಾಗ ಹಾಕುತ್ತದೆ ಎಂಬುದನ್ನು ವಿಚಾರಿಸುವವರು ವಿರಳ. ಗ್ರೀನ್ ಕಾರ್ಡ್ ಎಂದರೆ ಒಂದೇ ಕಂಪನಿಯ ಹಂಗಿಲ್ಲದೆ ಅಮೆರಿಕದಲ್ಲಿ ಕಾಯಂ ನೆಲೆಸಿ ದುಡಿಯಲು ಸಿಗುವ ಅನುಮತಿ. ಉದ್ಯೋಗದ ಮೂಲಕ ಅದನ್ನು ಪಡೆಯುವ ಸಾಮಾನ್ಯ ದಾರಿಯಲ್ಲಿ ಅರ್ಜಿ ಹಾಕಬೇಕಾದದ್ದು ನೌಕರನಲ್ಲ, ಅವನ ಪರವಾಗಿ ಕಂಪನಿ. ಹಾಗೆ ಹಾಕಲೇಬೇಕೆಂದು ಯಾವ ಕಾನೂನೂ ಕಂಪನಿಯನ್ನು ಒತ್ತಾಯಿಸುವುದಿಲ್ಲ. ಆದಕಾರಣ ಕೆಲವು ಕಂಪನಿಗಳು ಹೊಸ ಪದವೀಧರರು ಸೇರಿದ ಕೆಲವೇ ತಿಂಗಳಲ್ಲಿ ಪ್ರಕ್ರಿಯೆ ಆರಂಭಿಸಿದರೆ, ಕೆಲವು ಒಂದೆರಡು ವರ್ಷ ಕಾಯಿಸುತ್ತವೆ, ಇನ್ನು ಕೆಲವು ಆ ಮಾತನ್ನೇ ಎತ್ತುವುದಿಲ್ಲ.

ಈ ವ್ಯತ್ಯಾಸದ ಬೆಲೆ ದೊಡ್ಡದು. ಪರ್ಮ್ ಎಂದು ಕರೆಯುವ ಮೊದಲ ಹಂತದಲ್ಲಿ ಕಂಪನಿ ಆ ಹುದ್ದೆಗೆ ಜಾಹೀರಾತು ಕೊಟ್ಟು, ಅರ್ಹ ಸ್ಥಳೀಯರು ಸಿಗಲಿಲ್ಲವೆಂದು ಅಮೆರಿಕದ ಕಾರ್ಮಿಕ ಇಲಾಖೆಗೆ ತೋರಿಸಬೇಕು. ಆ ಅರ್ಜಿ ಸಲ್ಲಿಸಿದ ದಿನವೇ ಪ್ರಯಾರಿಟಿ ಡೇಟ್, ಅಂದರೆ ಸಾಲಿನಲ್ಲಿ ನೌಕರನ ಜಾಗವನ್ನು ಗುರುತಿಸುವ ದಿನ. ವರ್ಷಕ್ಕೆ ಸುಮಾರು 1.4 ಲಕ್ಷ ಉದ್ಯೋಗಾಧಾರಿತ ಗ್ರೀನ್ ಕಾರ್ಡುಗಳಿದ್ದು, ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇಕಡ 7ರ ಮಿತಿ ಇರುವುದರಿಂದ ಭಾರತದವರ ಸಾಲು ಬೆಳೆಯುತ್ತಲೇ ಬಂದಿದೆ. ಉನ್ನತ ಪದವಿಯವರ ಎರಡನೆಯ ವರ್ಗದಲ್ಲೂ ಸಾಮಾನ್ಯ ಪದವೀಧರರು ಬರುವ ಮೂರನೆಯ ವರ್ಗದಲ್ಲೂ 2025ರ ಕೊನೆಗೆ ಸರದಿ ತಲುಪಿದ್ದು 2013ರಲ್ಲಿ ಅರ್ಜಿ ಹಾಕಿದವರಿಗೆ. ಇಷ್ಟು ಉದ್ದದ ಸಾಲಿನಲ್ಲಿ ಎರಡು ವರ್ಷ ತಡವಾದರೇನು ಎಂದು ಕೇಳುವವರು, ಹೆತ್ತವರೊಂದಿಗೆ ಸಾಲಿನಲ್ಲಿರುವ ಮಕ್ಕಳು 21 ದಾಟಿದರೆ ಅವಲಂಬಿತರ ಹಕ್ಕನ್ನೇ ಕಳೆದುಕೊಳ್ಳಬಹುದೆಂಬುದನ್ನು ನೆನೆಯಬೇಕು.

ಕಾಲಮಿತಿಯೂ ಬಿಗಿಯಾಗಿದೆ. ಓದು ಮುಗಿದ ಮೇಲೆ ದೊರೆಯುವ ಕೆಲಸದ ಅನುಮತಿ 12 ತಿಂಗಳು, ವಿಜ್ಞಾನ ಮತ್ತು ತಂತ್ರಜ್ಞಾನದ ಪದವಿಗಳಿಗೆ ಇನ್ನೂ 24 ತಿಂಗಳು. ಬಳಿಕ ಲಾಟರಿಯಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾ ದೊರೆತರೆ ಆರು ವರ್ಷ. ಆ ಆರನೆಯ ವರ್ಷ ಮುಗಿಯುವುದಕ್ಕೆ 365 ದಿನ ಮೊದಲೇ ಪರ್ಮ್ ಅರ್ಜಿ ಹೋಗಿದ್ದರೆ ಅವಧಿಯನ್ನು ವಿಸ್ತರಿಸಿಕೊಳ್ಳಬಹುದು. ಆದರೆ ಕಂಪನಿ ಕೆಲಸಗಾರರನ್ನು ತೆಗೆದುಹಾಕಿದರೆ, ಹಿಂದಿನ ಆರು ತಿಂಗಳಲ್ಲಿ ಅದೇ ಕೆಲಸದಿಂದ ತೆಗೆದವರನ್ನು ಮೊದಲು ಪರಿಗಣಿಸಬೇಕೆಂಬ ನಿಯಮ ಅಡ್ಡಬರುತ್ತದೆ. 2023ರಲ್ಲಿ ಗೂಗಲ್ ಹೊಸ ಪರ್ಮ್ ಅರ್ಜಿಗಳನ್ನು ತಡೆಹಿಡಿದಾಗ ಇನ್ನೂ ಅರ್ಜಿ ಹೋಗದವರೇ ಹೊರಗುಳಿದರು. ಇದಕ್ಕೆ ಪ್ರತಿಯಾಗಿ, ಎರಡನೆಯ ಹಂತದ ಅರ್ಜಿಯಾದ ಐ-140 ಒಮ್ಮೆ ಮಂಜೂರಾಗಿದ್ದರೆ, ಕಂಪನಿ ಅದನ್ನು ಹಿಂತೆಗೆದರೂ ಸರದಿಯ ದಿನ ನೌಕರನದಾಗಿಯೇ ಉಳಿಯುತ್ತದೆ. ಬೇಗ ಆರಂಭಿಸುವುದೇ ಅವನಿಗಿರುವ ನಿಜವಾದ ರಕ್ಷಣೆ.

ಆದ್ದರಿಂದ ಈ ಸೀಮೆಯ ಯುವಜನರಲ್ಲಿ ಕಳಕಳಿಯ ಮನವಿ: ನೇಮಕಪತ್ರಕ್ಕೆ ಸಹಿ ಹಾಕುವ ಮೊದಲು, ಅರ್ಜಿ ಯಾವಾಗ ಆರಂಭವಾಗುತ್ತದೆ, ಯಾವ ವರ್ಗದಲ್ಲಿ ಹೋಗುತ್ತದೆ ಎಂಬುದಕ್ಕೆ ಬರಹದಲ್ಲೇ ಉತ್ತರ ಪಡೆಯಬೇಕು. ಹೊಸಬರಿಗೆ ಸಂಬಳದ ಚೌಕಾಸಿಗೆ ಎಡೆ ಕಡಿಮೆಯಿದ್ದರೂ ಈ ಪ್ರಶ್ನೆಗೆ ಅಡ್ಡಿಯಿಲ್ಲ. ಎರಡು ಕೆಲಸಗಳು ಎದುರಿಗಿದ್ದಾಗ ಸ್ವಲ್ಪ ಕಡಿಮೆ ಸಂಬಳದ್ದಾದರೂ ಬೇಗ ಅರ್ಜಿ ಹಾಕುವ ಕಂಪನಿಯನ್ನು ಆರಿಸುವುದು ವಿವೇಕ. ಪರ್ಮ್ ಹಂತದಲ್ಲಿ ಕಂಪನಿಯ ವಕೀಲರ ವೆಚ್ಚವನ್ನು ನೌಕರನಿಂದ ವಸೂಲು ಮಾಡುವುದನ್ನು 2007ರ ನಿಯಮ ನಿಷೇಧಿಸಿದೆ, ಆ ಹಣ ಕೇಳಿದರೆ ಕೊಡಬಾರದು. ಅಮೆರಿಕದ ಕಂಪನಿಗಳಲ್ಲಿ ನಿರ್ಧಾರ ಕೈಗೊಳ್ಳುವ ಸ್ಥಾನದಲ್ಲಿರುವ ಕನ್ನಡಿಗರು ಸ್ಪಷ್ಟವಾದ ಲಿಖಿತ ನೀತಿಗಾಗಿ ತಮ್ಮ ಸಂಸ್ಥೆಗಳಲ್ಲಿ ದನಿ ಎತ್ತಬೇಕು. ಅಲ್ಲಿನ ಕನ್ನಡ ಕೂಟಗಳೂ ಅವುಗಳ ಒಕ್ಕೂಟವಾದ ಅಕ್ಕವೂ ಹಬ್ಬದ ಕಾರ್ಯಕ್ರಮಗಳ ನಡುವೆ ಹೊಸ ವಿದ್ಯಾರ್ಥಿಗಳಿಗೆ ಈ ತಿಳಿವಳಿಕೆ ಕೊಡಲು ಒಂದು ಗಂಟೆ ಮೀಸಲಿಡಬೇಕು.

ಹೆತ್ತವರು ಊರಿನಲ್ಲಿಯೇ ಮಾಡಬಹುದಾದ ಕೆಲಸವೂ ಇದೆ. ತಮಿಳುನಾಡಿನ ರೂಢಿಯಂತೆ ತಂದೆಯ ಹೆಸರಿನ ಮೊದಲಕ್ಷರವೇ ಇನಿಷಿಯಲ್ಲಾಗಿ, ಶಾಲೆಯ ದಾಖಲೆಯಲ್ಲಿ ಒಂದು ರೂಪ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೂಪ ಉಳಿದಿರುತ್ತದೆ; ಕೆಲವರ ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಇರುವುದಿಲ್ಲ. ಗ್ರೀನ್ ಕಾರ್ಡಿನ ಕೊನೆಯ ಹಂತದಲ್ಲಿ ಜನನ ಪ್ರಮಾಣಪತ್ರ ಸಾಮಾನ್ಯವಾಗಿ ಬೇಕಾಗುತ್ತದೆ, ತಮಿಳಿನಲ್ಲಿದ್ದರೆ ಭಾಷಾಂತರಕಾರರು ದೃಢೀಕರಿಸಿದ ಇಂಗ್ಲಿಷ್ ಅನುವಾದವೂ ಜೊತೆಗಿರಬೇಕು. ಮಕ್ಕಳು ಹೊರಡುವ ಮೊದಲೇ ಜನನ ನೋಂದಣಿ ಕಚೇರಿಗೆ ಹೋಗಿ ಹೆಸರು ಸೇರಿಸಿ, ಪಾಸ್‌ಪೋರ್ಟಿಗೆ ಹೊಂದುವಂತೆ ಪತ್ರವನ್ನು ತಿದ್ದಿಸಿಡಬೇಕು.