ಕೊಡುವ ತಿಥಿ, ಕೊಳ್ಳುವ ತಿಥಿ

ಅಕ್ಷಯತೃತೀಯೆಯಂದು ಚಿನ್ನವನ್ನು ಕೊಂಡರೆ ಅದು ಅಕ್ಷಯವಾಗುವುದೆಂಬ ಮಾತು ಈಚಿನ ಕೆಲವು ದಶಕಗಳಿಂದ ವಿದ್ಯಾವಂತರ ಮನೆಗಳಲ್ಲಿಯೂ ಶಾಸ್ತ್ರವಚನದ ಗಾಂಭೀರ್ಯದಿಂದ ಸಂಚರಿಸುತ್ತಿರುವುದು. ಯಾವ ಶಾಸ್ತ್ರವೆಂದು ಕೇಳಿದರೆ ವೃತ್ತಪತ್ರಿಕೆಯ ಮೊದಲ ಪುಟವನ್ನು ತೋರಿಸುವರು. (ನಮ್ಮ ಈ ಪತ್ರಿಕೆಯ ಹಿಂದಿನ ರಕ್ಷಾಪುಟವನ್ನೂ ತೋರಿಸಬಹುದು, ಸಂಪಾದಕರು ಕ್ಷಮಿಸಬೇಕು.) ಕಮಲಾಕರಭಟ್ಟರ ನಿರ್ಣಯಸಿಂಧುವಿನಲ್ಲಾಗಲಿ ಕಾಶೀನಾಥೋಪಾಧ್ಯಾಯರ ಧರ್ಮಸಿಂಧುವಿನಲ್ಲಾಗಲಿ ಈ ತಿಥಿಗೆ ಹೇಳಿರುವುದು ಸ್ನಾನ, ಜಪ, ಹೋಮ, ಪಿತೃತರ್ಪಣ ಮತ್ತು ದಾನ; ಅದರಲ್ಲಿಯೂ ಬೇಸಗೆಗೆ ತಕ್ಕುದಾದ ಉದಕುಂಭದಾನ. ಆ ದಿನ ಮಾಡಿದ ಸತ್ಕರ್ಮವೂ ಕೊಟ್ಟ ದಾನವೂ ಕ್ಷಯಿಸವೆಂಬುದರಿಂದಲೇ ತಿಥಿಗೆ ಆ ಹೆಸರು. ಕೊಂಡು ತಂದು ಪೆಟ್ಟಿಗೆಯಲ್ಲಿಟ್ಟದ್ದು ಕ್ಷಯಿಸದೆಂಬ ವಿಧಿಯನ್ನು ಅಲ್ಲಿ ಕಾಣೆವು. ಕೊಡುವುದಕ್ಕೆಂದು ಇಟ್ಟ ದಿನವನ್ನು ಕೊಳ್ಳುವ ಕಡೆಗೆ ತಿರುಗಿಸಿದವರು ವ್ಯಾಪಾರಿಗಳು. ತಿರುಗಿಸಲು ಬಿಟ್ಟವರು ನಾವು.

ಇದು ವೈದಿಕರೊಬ್ಬರ ಮಾತೂ ಅಲ್ಲ. ಜೈನರಿಗೂ ಈ ತದಿಗೆ ದಾನದ ದಿನವೇ. ಆದಿಪುರಾಣದ ಕಥೆಯನ್ನು ವಾಚಕರು ಬಲ್ಲರು. ದೀಕ್ಷೆಗೊಂಡ ವೃಷಭನಾಥನು ಆರು ತಿಂಗಳ ಉಪವಾಸದ ಬಳಿಕ ಆಹಾರಕ್ಕೆಂದು ಊರೂರು ನಡೆದನು. ಮುನಿಗೆ ಆಹಾರವನ್ನು ನೀಡುವ ಕ್ರಮವನ್ನರಿಯದ ಜನರು ಭಕ್ತಿಯಿಂದ ರತ್ನಗಳನ್ನು ತಂದರು, ಆಭರಣಗಳನ್ನು ತಂದರು, ಆನೆ ಕುದುರೆಗಳನ್ನು ತಂದು ನಿಲ್ಲಿಸಿದರು, ಕನ್ಯೆಯರನ್ನೂ ಕರೆತಂದರು. ಆತನು ಒಂದನ್ನೂ ಸ್ವೀಕರಿಸದೆ ಮುಂದೆ ನಡೆದನು. ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸಕುಮಾರನು ಬೊಗಸೆಗೆ ಕಬ್ಬಿನ ಹಾಲನ್ನು ಎರೆದ ದಿನವೇ ಅಕ್ಷಯತೃತೀಯೆ.

ಇನ್ನು ಕನ್ನಡನಾಡಿನಲ್ಲಿ ಇದೇ ದಿನ ಬಸವಜಯಂತಿ. 2024ರಲ್ಲಿ ರಾಜ್ಯ ಸರ್ಕಾರವು ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು, ಬಹು ಸಂತೋಷ. ಆದರೆ ಕಾಯಕವನ್ನೂ ದಾಸೋಹವನ್ನೂ ಸಾರಿದ ಮಹನೀಯರ ಜನ್ಮದಿನದ ರಜೆಯನ್ನು ನಾವು ಕಳೆಯುವುದು ಒಡವೆಯಂಗಡಿಯ ಸಾಲಿನಲ್ಲಿ. ಅವರ ಕಾಲದ ಶರಣ ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮ ಹೇಳಿದಳಂತೆ. ಆ ತಾಯಿ ಅಕ್ಕಿಯ ತಳಿಯನ್ನು ವಿಚಾರಿಸಲಿಲ್ಲ, ಬಣ್ಣವನ್ನು ನೋಡಲಿಲ್ಲ. ಇಷ್ಟು ಬೇಕೆ ಎಂದು ಮಾತ್ರ ಕೇಳಿದಳು.

ಇಂದಿನ ಅಂಗಡಿಯಲ್ಲಿ ಕಾಣೆಯಾಗಿರುವುದು ಈ ಒಂದು ಪ್ರಶ್ನೆ. ಅದನ್ನು ಯಾರೂ ನಿಷೇಧಿಸಿಲ್ಲ. ಬೇರೆ ನೂರು ಪ್ರಶ್ನೆಗಳ ಕೆಳಗೆ ಹೂತಿಟ್ಟಿದ್ದಾರೆ. ಸರವೆ, ಬಳೆಯೆ, ಉಂಗುರವೆ, ನಾಣ್ಯವೆ? 22 ಕ್ಯಾರಟ್ಟೆ, 18 ಕ್ಯಾರಟ್ಟೆ? ಟೆಂಪಲ್ ಕೆಲಸವೆ, ಆಂಟಿಕ್ ಕೆಲಸವೆ, ಕಲ್ಲು ಕೂರಿಸಿದ್ದೆ? ರೊಕ್ಕವೆ, ಕಂತೆ, ಹಳೆಯ ಒಡವೆಯ ವಿನಿಮಯವೆ? ತಟ್ಟೆಯ ಮೇಲೆ ತಟ್ಟೆಯನ್ನು ನೋಡಿ ಮೂರು ಗಂಟೆಗಳ ಮೇಲೆ ತಲೆ ಬಿಸಿಯಾಗಿ ಹೊರಬಿದ್ದ ಗೃಹಸ್ಥನು ತಾನು ಬಹಳ ವಿಚಾರಮಾಡಿ ಕೊಂಡೆನೆಂದು ನಂಬಿರುವನು. ವಿಚಾರಮಾಡಿದುದು ನಿಜ. ಆದರೆ ಅದೆಲ್ಲವೂ ಯಾವುದು ಎಂಬುದರ ಮೇಲೆ. ಬೇಕೆ ಎಂಬುದು ಪಾದರಕ್ಷೆಯೊಡನೆ ಬಾಗಿಲಾಚೆಯೇ ಉಳಿಯಿತು.

ನಮ್ಮ ಮೀಮಾಂಸಕರು ವಿಕಲ್ಪವೆಂದರೆ ಹಿಂಜರಿಯುತ್ತಿದ್ದರು. ಯಾಗಕ್ಕೆ ನೆಲ್ಲಾದರೂ ಆಗಬಹುದು, ಜವೆಯಾದರೂ ಆಗಬಹುದು ಎಂದು ಎರಡು ವಿಧಿಗಳುಂಟು. ಇರುವುದು ಎರಡೇ ಧಾನ್ಯ. ಆದರೂ ಒಂದನ್ನು ಹಿಡಿದೊಡನೆ ಇನ್ನೊಂದು ವಿಧಿಯ ಪ್ರಾಮಾಣ್ಯವನ್ನು ತೊರೆದಂತಾಯಿತು, ಅದಕ್ಕಿಲ್ಲದ ಅಪ್ರಾಮಾಣ್ಯವನ್ನು ಕಲ್ಪಿಸಿದಂತಾಯಿತು. ಮುಂದಿನ ಸಲ ಅದನ್ನೇ ಹಿಡಿದರೆ ತೊರೆದುದನ್ನು ಮರಳಿ ಒಪ್ಪಬೇಕು, ಕಲ್ಪಿಸಿದುದನ್ನು ಅಲ್ಲಗಳೆಯಬೇಕು. ಹೀಗೆ ಒಂದೊಂದಕ್ಕೆ ನಾಲ್ಕರಂತೆ ಎಂಟು ದೋಷಗಳು. ಆದುದರಿಂದ ಗತ್ಯಂತರವಿಲ್ಲದೆಡೆಯಲ್ಲಿ ಮಾತ್ರ ವಿಕಲ್ಪವನ್ನು ಅಂಗೀಕರಿಸತಕ್ಕದ್ದೆಂದು ನಿರ್ಣಯಿಸಿದರು. ಪಾಠಶಾಲೆಯ ಹುಡುಗರು ಇದನ್ನು ಒಣತರ್ಕವೆಂದು ನಗುವುದುಂಟು. ಅವು ವಾಕ್ಯಾರ್ಥದ ದೋಷಗಳೆಂಬುದೂ ನಿಜವೇ. ಆದರೆ ಬಿಟ್ಟದ್ದನ್ನು ಕೀಳೆಂದು ಕಲ್ಪಿಸಿಕೊಳ್ಳದೆ ಹಿಡಿದದ್ದರಲ್ಲಿ ನೆಮ್ಮದಿಯಿಲ್ಲವೆಂಬುದು ಒಡವೆಯ ಮಟ್ಟಿಗೂ ಸಲ್ಲುವ ಮಾತು. ಮನೆಗೆ ತಂದ ಸರಕ್ಕಿಂತ ಅಂಗಡಿಯಲ್ಲಿ ಬಿಟ್ಟುಬಂದ ಸರವೇ ಮರುದಿನ ಮಾತಿಗೆ ಬರುವುದನ್ನು ಯಾವ ಮನೆಯಲ್ಲಿ ಕೇಳಿಲ್ಲ? ಎರಡು ಧಾನ್ಯಗಳಿಗೆ ಎಂಟು ದೋಷವಾದರೆ ನಾಲ್ಕು ನೂರು ಸರಗಳಿಗೆ ಎಷ್ಟೆಂಬ ಲೆಕ್ಕವನ್ನು ಗಣಿತದ ಅಧ್ಯಾಪಕರಿಗೆ ಬಿಡುವೆನು.

ಚಿನ್ನವು ಆಪದ್ಧನ, ಸ್ತ್ರೀಧನ, ಅದನ್ನು ಹಳಿಯಬಾರದೆಂದು ಹೇಳುವವರುಂಟು. ಹಳಿಯುವುದಿಲ್ಲ. ಕಷ್ಟಕಾಲದಲ್ಲಿ ಬಳೆಗಳನ್ನು ಅಡವಿಟ್ಟು ಮಕ್ಕಳ ಓದನ್ನು ಸಾಗಿಸಿದ ತಾಯಂದಿರು ಎಷ್ಟೋ ಮಂದಿ. ಆದರೆ ಆಪದ್ಧನವನ್ನು ಕೂಡಿಡುವವನಿಗೆ ನಾಲ್ಕು ನೂರು ಮಾದರಿಗಳೇತಕ್ಕೆ? ತೂಕ, ಶುದ್ಧಿ, ಎರಡೇ ಸಾಕು. ಶುದ್ಧಿಗೆ 2021ರ ಜೂನ್ 16ರಿಂದ ಹಂತಹಂತವಾಗಿ ಕಡ್ಡಾಯವಾದ ಹಾಲ್‌ಮಾರ್ಕಿನ ಮುದ್ರೆಯುಂಟು. ಮಾದರಿಯ ನಯ ಹೆಚ್ಚಿದಂತೆ ಹೆಚ್ಚುವುದು ಮಜೂರಿ ಮತ್ತು ವೇಸ್ಟೇಜು. ಬಿಲ್ಲನ್ನು ಒಮ್ಮೆ ಕನ್ನಡಕ ಹಾಕಿಕೊಂಡು ಓದಿರಿ. ಚಿನ್ನದ ಬೆಲೆ 1,00,000 ರೂಪಾಯಿ. ಮಜೂರಿ ವೇಸ್ಟೇಜುಗಳು ಸೇರಿ ಶೇಕಡಾ 15 ಎಂದಿಟ್ಟುಕೊಳ್ಳೋಣ. ಒಟ್ಟಿನ ಮೇಲೆ 2017ರಿಂದ ಬಂದ ಶೇಕಡಾ 3ರ ಜಿ.ಎಸ್.ಟಿ. ಕೈಬಿಟ್ಟದ್ದು 1,18,450 ರೂಪಾಯಿ. ಮರುದಿನ ಅದೇ ಧಾರಣೆಗೆ ಮಾರಲು ಹೋದರೆ ಮಜೂರಿಯೂ ತೆರಿಗೆಯೂ ಮರಳಿ ಬಾರವು. ತೂಕಕ್ಕೆ ಸಲ್ಲುವ ಒಂದು ಲಕ್ಷ ಪೂರ್ತಿ ದೊರೆತರೆ ಅದೇ ಭಾಗ್ಯ. ಅಕ್ಷಯದ ದಿನವೇ 18,450 ರೂಪಾಯಿ ಕ್ಷಯಿಸಿತಲ್ಲವೆ? ಇದನ್ನು ಉಳಿತಾಯವೆನ್ನುವವರು ಅಲಂಕಾರವೆಂದು ಒಪ್ಪಿಕೊಂಡರೆ ನನಗೆ ತಕರಾರಿಲ್ಲ.

ಅಂಗಡಿಗೆ ನಡೆಯುವ ಶ್ರಮವೂ ಈಗ ಉಳಿದಿಲ್ಲ. ಮೊಬೈಲಿನಲ್ಲಿ ಕುಳಿತು ಅಂಗಡಿಯೇ ದೇವರಮನೆಯ ಹೊಸ್ತಿಲವರೆಗೆ ಬಂದಿರುವುದು. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇಂತಹ ವ್ಯಾಪಾರದ 13 ಕಪಟರೀತಿಗಳನ್ನು ಹೆಸರಿಸಿ ನಿಷೇಧಿಸಿತು. ಇನ್ನೆರಡೇ ಉಳಿದಿವೆಯೆಂದು ಸುಳ್ಳು ಅವಸರವನ್ನು ಹುಟ್ಟಿಸುವುದು ಒಂದು. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು ಇನ್ನೊಂದು. ಬೇಡವೆಂದವನಿಗೆ ನಾಚಿಕೆಯಾಗುವಂತೆ ಮಾತನ್ನು ಜೋಡಿಸುವುದು ಮತ್ತೊಂದು. ಬೇಡವೆನ್ನುವ ಅಧಿಕಾರವನ್ನು ಕಾಯುವುದಕ್ಕೆ ಸರ್ಕಾರವೇ ನಿಯಮವನ್ನು ಮಾಡಬೇಕಾಯಿತು! ಆ ನಿಯಮವು ಯಂತ್ರದ ಕಪಟವನ್ನು ತಡೆದೀತು. ನೆರೆಮನೆಯಾಕೆ ಬಾಗಿಲಲ್ಲಿ ನಿಂತು "ಈ ಸಲ ಏನೂ ತರಲಿಲ್ಲವೇನ್ರೀ?" ಎಂದು ಕೇಳುವುದನ್ನು ಯಾವ ಪ್ರಾಧಿಕಾರವು ತಡೆಯಬಲ್ಲುದು?

ಆಯ್ಕೆಯೇ ಸ್ವಾತಂತ್ರ್ಯವೆಂದೂ, ಮುದುಕರು ದೇಶವನ್ನು ರೇಷನ್ ಸಾಲಿನ ಕಾಲಕ್ಕೆ ಎಳೆಯುವರೆಂದೂ ತರುಣಮಿತ್ರರು ಹೇಳಿಯಾರು. ಸೀಮೆಎಣ್ಣೆಯ ಡಬ್ಬವನ್ನು ಹಿಡಿದು ಆ ಸಾಲಿನಲ್ಲಿ ನಿಂತವರು ನಾವೇ. ಅದನ್ನು ಪುಣ್ಯಕಾಲವೆಂದು ಹೊಗಳುವಷ್ಟು ಮರೆವು ಇನ್ನೂ ಬಂದಿಲ್ಲ. ಸಿಕ್ಕದೆ ಕೊಳ್ಳದವನನ್ನು ವಿರಕ್ತನೆಂದು ಯಾರೂ ಕರೆಯರು. ನಾನು ಕೇಳುವುದು ಇಷ್ಟೇ: ಒಳಗೆ ಹೋದವನು ಬರಿಗೈಯಲ್ಲಿ, ತಲೆ ತಗ್ಗಿಸದೆ, ಹೊರಗೆ ಬರುವಂತಿರುವುದೆ? ವ್ಯಾಪಾರ ಕುಗ್ಗಿದರೆ ಅಕ್ಕಸಾಲಿಗರ ಗತಿಯೇನೆಂಬ ಮರುಕವನ್ನೂ ಕೇಳಿರುವೆನು. ಊರಿನ ಅಕ್ಕಸಾಲಿಗನು ಕುಲುಮೆಯ ಮುಂದೆ ಕುಳಿತು ಕೊಂಡಿಯನ್ನು ಬೆಸೆಯುವ ಕೆಲಸಕ್ಕೆ ಇಳಿದು ಎಷ್ಟು ಕಾಲವಾಯಿತೆಂಬುದನ್ನು ಹಾಗೆ ಮರುಗುವವರು ಆತನನ್ನೇ ಕೇಳಬಹುದು.

ಮುಂದಿನ ವೈಶಾಖ ಶುದ್ಧ ತದಿಗೆಗೆ ನಮ್ಮ ಸಂಘವು ಪೇಟೆಯಲ್ಲಿ ಒಂದು ಅರವಟ್ಟಿಗೆಯನ್ನು ಇಡಬೇಕೆಂದು ಸೂಚಿಸುವೆನು. ಮಡಕೆಗಳ ವೆಚ್ಚವು ಪ್ರಕೃತ ಲೇಖಕನದು. ನೀರುಮಜ್ಜಿಗೆಯ ಹೊಣೆಯನ್ನು ಸದಸ್ಯರು ಮನೆಮನೆಗೆ ಹಂಚಿಕೊಳ್ಳಲಿ. ಒಡವೆಯಂಗಡಿಗಳ ಎದುರಿಗೇ ನೆರಳಿನ ಜಾಗ ದೊರೆತರೆ ಲೇಸು. ಬಿಸಿಲಿನಲ್ಲಿ ಸಾಲು ನಿಂತವರಿಗೂ ಬಾಯಾರುವುದು.