ಒರೆಯ ತೊಗಲು ಯಾರದು?



ಎರಡನೇ ಮಹಾಯುದ್ಧದಲ್ಲಿ ಸೋತ ಜಪಾನಿ ಅಧಿಕಾರಿಗಳು ಒಪ್ಪಿಸಿದ ಕತ್ತಿಗಳು ಇವತ್ತಿಗೂ ಇಂಗ್ಲೆಂಡು, ಅಮೆರಿಕದ ಮನೆಗೋಡೆಗಳ ಮೇಲಿವೆ. 1945ರ ನವೆಂಬರ್ 30ರಂದು ಸೈಗಾನಿನಲ್ಲಿ ಫೀಲ್ಡ್ ಮಾರ್ಷಲ್ ತೆರಾವುಚಿ ತನ್ನೆರಡು ಕತ್ತಿಗಳನ್ನು ಮೌಂಟ್‌ಬ್ಯಾಟನ್ ಕೈಗಿಟ್ಟ. ಅದರಲ್ಲೊಂದು ಇಂಗ್ಲೆಂಡಿನ ದೊರೆಗೆ ಕಾಣಿಕೆಯಾಯ್ತು. ಅಮೆರಿಕದ ಸಿಪಾಯಿಗಳೂ ಮೇಲಧಿಕಾರಿ ಸಹಿ ಹಾಕಿದ ಚೀಟಿ ಹಿಡಿದು ಕತ್ತಿಗಳನ್ನು ಊರಿಗೆ ಒಯ್ದರು. ಅದಕ್ಕೆ 'ಯುದ್ಧದ ನೆನಪು' ಅಂತ ಹೆಸರು.

ಯಾರ ನೆನಪು ಸ್ವಾಮೀ?

ಕತ್ತಿಯೇ ಸಮುರಾಯಿಯ ಆತ್ಮ ಅಂತ ಬಾಯಿ ಚಪ್ಪರಿಸೋ ಪಂಡಿತರಿದ್ದಾರೆ. ಆ ಆತ್ಮ ದುಡಿಯೋ ಜನಕ್ಕೆ ಯಾಕೆ ದಕ್ಕಲಿಲ್ಲ? 1588ರಲ್ಲಿ ಜಪಾನನ್ನು ಆಳುತ್ತಿದ್ದ ಹಿದೆಯೋಶಿ ರೈತರ ಕೈಲಿದ್ದ ಕತ್ತಿಗಳನ್ನೆಲ್ಲ ಕಿತ್ತುಕೊಂಡ. ಮಹಾಬುದ್ಧನ ಮೂರ್ತಿ ಕೆಲಸಕ್ಕೆ ಮೊಳೆ ಮಾಡಿಸ್ತೀನಿ, ಮುಂದಿನ ಜನ್ಮಕ್ಕೂ ನಿಮಗೆ ಪುಣ್ಯ ಅಂದ. ಕೈಲಿದ್ದದ್ದು ಕಿತ್ತುಕೊಂಡು ಪುಣ್ಯ ಹಂಚೋ ಈ ವ್ಯಾಪಾರ ನಮಗೇನು ಹೊಸದೇ?

ಯುದ್ಧಭೂಮಿಗೆ ಹೊರಟ ಅನೇಕ ಕತ್ತಿಗಳ ಒರೆಗೆ ತೊಗಲಿನ ಹೊದಿಕೆ ಇತ್ತು. ಜಪಾನಿನಲ್ಲಿ ತಲೆತಲಾಂತರದಿಂದ ಸತ್ತ ದನದ ತೊಗಲು ಸುಲಿದು, ಹದಮಾಡಿ, ಸಮುರಾಯಿಯ ಕವಚಕ್ಕೆ ಒದಗಿಸಿದವರು ಊರಾಚೆಯ ಕೇರಿಯವರು. ಅವರನ್ನು 'ಎತಾ' ಅಂದರು. ಹೊಲಸು ತುಂಬಿದವರು ಅಂತ ಅರ್ಥ. 1871ರಲ್ಲಿ ಸರ್ಕಾರ ಆ ಹೆಸರು ರದ್ದು ಮಾಡಿತು. ಕೇರಿ ರದ್ದಾಗಲಿಲ್ಲ. 1922ರಲ್ಲಿ ಕ್ಯೋಟೋದಲ್ಲಿ ಅವರೇ 'ಸುಯ್‌ಹೇಶಾ' ಎಂಬ ಸಂಘ ಕಟ್ಟಿ ಎದ್ದು ನಿಂತರು. ಏರುಪೇರು ಅಳಿಸಿ ಸಮ ಮಾಡುವವರ ಸಂಘ.

ನಮ್ಮಜ್ಜ ಸುಣ್ಣದ ತೊಟ್ಟಿಯಲ್ಲಿ ಕೈ ಸುಟ್ಟುಕೊಂಡು ತೊಗಲು ಹದಮಾಡಿದವನು. ನಮ್ಮ ಮನೇಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಆ ಕತ್ತಿಗಳ ಫೋಟೋ ನೋಡಿದರೆ ನನ್ನ ಕಣ್ಣು ಅಲಗಿನ ಹೊಳಪಿಗೆ ಹೋಗೋದಿಲ್ಲ, ಒರೆಗೆ ಹೋಗ್ತದೆ. ಒಪ್ಪಿಸಿದವನ ಹೆಸರಿದೆ, ಪಡೆದವನ ಹೆಸರಿದೆ. ತೊಗಲು ಹದಮಾಡಿದವನ ಹೆಸರು ಯಾವ ಚೀಟಿಯಲ್ಲಿದೆ?

ಆ ಕತ್ತಿಗಳೆದುರು ನಿಂತವರನ್ನೂ ನೋಡಿ. 1943ರಲ್ಲಿ ಬ್ರಿಟಿಷರು ಚಮಾರ್ ರೆಜಿಮೆಂಟ್ ಕಟ್ಟಿದರು. ತೊಗಲು ಮುಟ್ಟಿದರೆ ಮೈಲಿಗೆ ಅಂದವರ ದೇಶಕ್ಕಾಗಿ ಅದೇ ತೊಗಲಿನ ಮಕ್ಕಳು ಜಪಾನಿ ಸೈನ್ಯಕ್ಕೆ ಎದೆಯೊಡ್ಡಿದರು. ಕೊಹಿಮಾ ಕದನದ ಗೌರವ ಆ ರೆಜಿಮೆಂಟಿನ ಹೆಸರಿಗಿದೆ. ಯುದ್ಧ ಮುಗೀತು, 1946ರಲ್ಲಿ ರೆಜಿಮೆಂಟನ್ನೇ ಮುಚ್ಚಿದರು.

ಸಯಾಂ-ಬರ್ಮಾ ರೈಲುಹಾದಿಯಲ್ಲಿ ಜಪಾನೀಯರು ದುಡಿಸಿ ಸಾಯಿಸಿದ ಏಷ್ಯಾದ ಕೂಲಿಗಳು ಹತ್ತಾರು ಸಾವಿರ. ಮಲಯದ ರಬ್ಬರ್ ತೋಟಗಳ ತಮಿಳು ಕೂಲಿಗಳೂ ಅವರಲ್ಲಿದ್ದರು. ಅವರ ಹೆಂಡರು ಮಕ್ಕಳು ಯಾವ ಗೋಡೆಗೆ ಏನು ನೇತುಹಾಕಬೇಕಿತ್ತು?

ಒಬ್ಬ ಯಜಮಾನ ಇನ್ನೊಬ್ಬ ಯಜಮಾನನಿಗೆ ಕತ್ತಿ ಕೊಟ್ಟ. ಅದಷ್ಟೇ ಚರಿತ್ರೆಯಂತೆ!

ಮೇಷ್ಟ್ರೇ, ತರಗತಿಯಲ್ಲಿ ಯುದ್ಧದ ಪಾಠ ಬಂದಾಗ ಕತ್ತಿ ಯಾರದು ಅಂತ ಕೇಳಿ, ಮಕ್ಕಳು ಹೇಳ್ತಾರೆ. ಆಮೇಲೆ ಒರೆಯ ತೊಗಲು ಯಾರದು ಅಂತಲೂ ಕೇಳಿ. ಹಿಂದಿನ ಬೆಂಚಿನಿಂದ ಒಂದು ಕೈ ಮೇಲೇಳೋವರೆಗೂ ಕೇಳಿ.