ರೈಲು ಬರಲಿ, ಮೂಟೆಗೂ ಜಾಗ ಇರಲಿ



ಬಿನ್ನಿಪೇಟೆ ಪಕ್ಕದ ಹೊಸಹಳ್ಳಿಯಿಂದ ಮಾಗಡಿ ರಸ್ತೆಗುಂಟ ಕಡಬಗೆರೆವರೆಗೆ 12.5 ಕಿ.ಮೀ. ಮೆಟ್ರೋಗೆ ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಜೆ.ಪಿ. ನಗರ–ಕೆಂಪಾಪುರ ಮಾರ್ಗವೂ ಸೇರಿ ಖರ್ಚು 15,611 ಕೋಟಿ ರೂಪಾಯಿ. ಬೇಡ ಅನ್ನೋರು ನಾವಲ್ಲ. ಆದರೆ ಅದು ಯಾರನ್ನು ಹೊರುತ್ತೆ?

ಅದೇ ವರ್ಷ ಫೆಬ್ರವರಿಯಲ್ಲಿ ರಾಜಾಜಿನಗರ ನಿಲ್ದಾಣದಲ್ಲಿ ಮೂಟೆ ಹೊತ್ತ ರೈತನೊಬ್ಬನನ್ನು ಬಟ್ಟೆ ಕೊಳೆ ಅಂತ ತಡೆದರು, ಟಿಕೀಟು ಇದ್ದರೂ! ಜೊತೆಗಿದ್ದ ಪ್ರಯಾಣಿಕರು ಜಗಳ ಆಡಿ ಒಳಗೆ ಬಿಡಿಸಿದರು. ಆಮೇಲೆ ತಡೆದವನನ್ನು ಕೆಲಸದಿಂದ ತೆಗೆದರು, ಸರಿ. ಅಷ್ಟಕ್ಕೇ ಮುಗೀತೆ?

ಮಾಗಡಿ ಕಡೆಯ ಸೊಪ್ಪು ಬೆಳಗಿನ ಜಾವ ಮೂರಕ್ಕೆಲ್ಲ ಸಿಟಿ ಮಾರ್ಕೆಟ್ ಮುಟ್ಟಬೇಕು. ಆ ಹೊತ್ತಿಗೆ ಮೆಟ್ರೋ ಕಣ್ಣೇ ಬಿಟ್ಟಿರೋದಿಲ್ಲ. ಟೆಂಪೋ ಬಾಡಿಗೆ ಕೊಟ್ಟರೆ ಸೊಪ್ಪಿನ ರೇಟು ಅಲ್ಲಿಗೇ ಕರಗುತ್ತೆ. ಜಾವಕ್ಕೊಂದು ರೈಲು, ಅದರಲ್ಲಿ ಮೂಟೆಗೊಂದು ಬೋಗಿ: ಕಂಬ ಏಳೋ ಮುಂಚೆ ಇದನ್ನ ಕೇಳೋಣ.